ಆಯುಧಪೂಜೆಗೆ ಅಂಗಡಿಯ ಅಣಿ

ಕಾಯಕವೆಂಬ ಮಾತನ್ನು ಕೇಳಿದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುವು ನೇಗಿಲು, ಮಗ್ಗ, ಕುಲುಮೆ, ದೋಣಿಯ ಹುಟ್ಟು ಮುಂತಾದುವು. ಅಂಗಡಿಯ ತಕ್ಕಡಿಯು ಹಾಗೆ ನೆನಪಿಗೆ ಬರುವುದು ವಿರಳ. ಬೆವರು ಸುರಿಸಿ ಮಾಡುವ ದುಡಿಮೆಯೊಂದೇ ಕಾಯಕ, ಕೊಂಡು ಮಾರುವುದು ಕೇವಲ ಲಾಭದ ಮಾತು ಎಂದು ಭಾವಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಈ ಭಾವನೆಯು ಶರಣರ ಚರಿತ್ರೆಗೆ ಒಪ್ಪತಕ್ಕದ್ದಲ್ಲ. ಹರಿಹರನ ರಗಳೆಗೆ ನಾಯಕನಾದ ಆದಯ್ಯನು ಸೌರಾಷ್ಟ್ರದಿಂದ ಪುಲಿಗೆರೆಗೆ ವ್ಯಾಪಾರಕ್ಕಾಗಿಯೇ ಬಂದವನು. ಗಾಣದ ಕಣ್ಣಪ್ಪ, ಸುಂಕದ ಬಂಕಣ್ಣ ಎಂಬ ಹೆಸರುಗಳೇ ಅವರವರ ವೃತ್ತಿಯನ್ನು ಸಾರುತ್ತವೆ. ಅಷ್ಟೇಕೆ, ಬಸವಣ್ಣನವರೇ ಮೊದಲು ಮಂಗಳವೇಡೆಯಲ್ಲಿ ಲೆಕ್ಕ ಬರೆಯುವ ಕರಣಿಕರಾಗಿದ್ದು, ಬಳಿಕ ಬಿಜ್ಜಳನ ಭಂಡಾರಿಗಳಾದರೆಂದು ಪರಂಪರೆಯು ಹೇಳುತ್ತದೆ. ಅಳೆಯುವುದು, ತೂಗುವುದು, ಎಣಿಸುವುದು, ಬರೆದಿಡುವುದು ಇವೆಲ್ಲವೂ ಕಾಯಕದ ಅಂಗಗಳೇ ಆಗಿದ್ದುವು. ಆದುದರಿಂದ ಸಣ್ಣ ಅಂಗಡಿಯೊಂದನ್ನು ನಡೆಯಿಸುವ ಸದ್ಭಕ್ತನು ತನ್ನ ವೃತ್ತಿಯ ಬಗೆಗೆ ಸಂಕೋಚಪಡಬೇಕಾದುದಿಲ್ಲ. ಅದನ್ನು ಶುದ್ಧವಾಗಿ ನಡೆಯಿಸುವ ಬಗೆಯನ್ನು ಮಾತ್ರ ಅವನು ಅರಿತಿರಬೇಕು.

ಆ ಬಗೆಯು ದಿನನಿತ್ಯದ ವ್ಯಾಪಾರದಲ್ಲಿ ಅಷ್ಟಾಗಿ ಪರೀಕ್ಷೆಗೆ ಬರುವುದಿಲ್ಲ. ಹತ್ತು ಜನ ಬಂದು ಹತ್ತು ಪೊಟ್ಟಣ ಕೊಂಡುಹೋಗುವ ದಿನದಲ್ಲಿ ಎಲ್ಲರೂ ಪ್ರಾಮಾಣಿಕರಾಗಿಯೇ ಇರಬಲ್ಲರು. ವರ್ಷದಲ್ಲಿ ಒಂದೆರಡು ದಿನಗಳು ಬರುತ್ತವೆ. ಅಂಗಡಿಯ ಮುಂದೆ ಜನ ಕಿಕ್ಕಿರಿದು, ಕೈಗಳು ಚಾಚಿ, ತೂಗುವುದಕ್ಕೂ ಎಣಿಸುವುದಕ್ಕೂ ಉಸಿರಾಡುವಷ್ಟು ಬಿಡುವಿರುವುದಿಲ್ಲ. ಅಂಥ ದಿನವೇ ಒರೆಗಲ್ಲು. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಆ ದಿನ ಯಾವುದೆಂಬುದನ್ನು ಹೇಳಬೇಕಾದುದಿಲ್ಲ. ಅದು ಆಯುಧಪೂಜೆ.

ತುಮಕೂರು ರಸ್ತೆಯ ಮಗ್ಗುಲಲ್ಲಿ 1970ರ ದಶಕದಲ್ಲಿ ಬೆಳೆಯತೊಡಗಿದ ಪೀಣ್ಯವು ಇಂದು ಸಾವಿರಾರು ಸಣ್ಣ ಕಾರ್ಖಾನೆಗಳ ಬೀಡಾಗಿದೆ. ಲೇತು, ಮಿಲ್ಲಿಂಗ್ ಯಂತ್ರ, ಅಚ್ಚೆರಕ, ಲೋಹಕ್ಕೆ ಲೇಪ ಹಾಕುವ ಘಟಕ, ಸಿದ್ಧ ಉಡುಪಿನ ಹೊಲಿಗೆ ಎಂಬಿತ್ಯಾದಿ ನಾನಾ ಬಗೆಯ ಕೆಲಸಗಳು ಅಲ್ಲಿ ನಡೆಯುತ್ತವೆ. ಮಹಾನವಮಿಯಂದು ಈ ಯಂತ್ರಗಳೆಲ್ಲವೂ ನಿಲ್ಲುತ್ತವೆ. ಎಣ್ಣೆ ಜಿಡ್ಡನ್ನು ಒರೆಸಿ, ವಿಭೂತಿ ಕುಂಕುಮಗಳನ್ನಿಟ್ಟು, ಚೆಂಡುಹೂವಿನ ಹಾರ ಹಾಕಿ, ಬಾಗಿಲಿಗೆ ಬಾಳೆಕಂಬವನ್ನೂ ಮಾವಿನ ತೋರಣವನ್ನೂ ಕಟ್ಟಿ, ಬೂದುಗುಂಬಳವನ್ನು ಒಡೆದು, ದುಡಿಯುವವರಿಗೆಲ್ಲ ಕಡಲೆಪುರಿಯನ್ನೂ ಸಿಹಿಯನ್ನೂ ಹಂಚುವುದು ರೂಢಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮೊದಲುಮಾಡಿದ ದಸರೆಯಲ್ಲಿ ಕತ್ತಿ ಕಠಾರಿಗಳಿಗೆ ಸಲ್ಲುತ್ತಿದ್ದ ಗೌರವವು ಇಂದು ಪಾನಾ, ಸುತ್ತಿಗೆಗಳಿಗೂ ಸಲ್ಲುತ್ತಿದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಗಳಲ್ಲಿ ಕಂಪ್ಯೂಟರಿಗೂ ಸಲ್ಲುತ್ತದೆ. ದುಡಿಮೆಯ ಉಪಕರಣವನ್ನು ಕಣ್ಣಿಗೊತ್ತಿಕೊಳ್ಳುವ ಈ ಆಚಾರದಲ್ಲಿ ಕಾಯಕದ ಗೌರವವೇ ಬೇರೊಂದು ರೂಪದಲ್ಲಿ ಇದೆಯೆಂದು ನನ್ನ ಭಾವನೆ. ಕುಂಬಳಕಾಯಿ ಒಡೆದರೆ ದೃಷ್ಟಿ ಹೋಗುವುದೋ ಇಲ್ಲವೋ ಎಂಬ ತತ್ತ್ವವಿಚಾರವನ್ನು ಇಲ್ಲಿ ಎತ್ತುವುದಿಲ್ಲ. ಅದಕ್ಕೆ ಬೇರೆ ಲೇಖನವೇ ಬೇಕು.

ಈ ಎಲ್ಲ ಸಾಮಗ್ರಿಗಳನ್ನೂ ಒದಗಿಸುವವನು ಓಣಿಯ ಮೂಲೆಯ ಅಂಗಡಿಕಾರ. ಅವನು ಹೇಗೆ ಅಣಿಯಾಗಬೇಕೆಂಬುದೇ ಈ ಪಾಠದ ವಿಷಯ.

ಮೊದಲು ತಿಳಿಯಬೇಕಾದುದು ಹಬ್ಬವು ಒಂದೇ ದಿನದ್ದಲ್ಲವೆಂಬುದು. ಪಂಚಾಂಗದಲ್ಲಿ ಆಯುಧಪೂಜೆ ಒಂದು ದಿನವಾದರೂ ಅಂಗಡಿಗೆ ಅದು ಎರಡು ಅಲೆಗಳಾಗಿ ಬರುತ್ತದೆ. ರಜೆಯ ದಿನ ಜನ ಸೇರುವುದಿಲ್ಲವಾದುದರಿಂದ ಅನೇಕ ಕಾರ್ಖಾನೆಗಳೂ ಕಚೇರಿಗಳೂ ಹಿಂದಿನ ದಿನವೇ ಪೂಜೆ ಮುಗಿಸುತ್ತವೆ. ಮನೆಮಂದಿ, ಆಟೋ ಲಾರಿಗಳ ಚಾಲಕರು, ಬೈಕು ಕಾರುಗಳಿರುವವರು ಹಬ್ಬದ ಬೆಳಗ್ಗೆ ಬರುತ್ತಾರೆ. 2025ರಲ್ಲಿ ಅಕ್ಟೋಬರ್ 1ರ ಬುಧವಾರ ಆಯುಧಪೂಜೆಯಾಗಿ, ಮಾರನೆಯ ದಿನ ವಿಜಯದಶಮಿಯೂ ಗಾಂಧಿ ಜಯಂತಿಯೂ ಒಟ್ಟಿಗೆ ಬಂದುವು. ಹೀಗೆ ರಜೆಗಳು ಸಾಲಾಗಿ ಬಂದಾಗ ಊರಿಗೆ ಹೋಗುವವರು ಹೆಚ್ಚು. ಕಾರ್ಖಾನೆಯ ಪೂಜೆಯು ಇನ್ನೂ ಮುಂಚಿತವಾಗುತ್ತದೆ. ಮೊದಲನೆಯ ಅಲೆಯಲ್ಲಿ ಕೊಳ್ಳುವವರು ಕೆಲವರೇ, ಕೊಳ್ಳುವ ಪ್ರಮಾಣ ದೊಡ್ಡದು. ಎರಡನೆಯದರಲ್ಲಿ ಕೊಳ್ಳುವವರು ನೂರಾರು ಮಂದಿ, ಒಬ್ಬೊಬ್ಬರಿಗೆ ಬೇಕಾದುದು ಎರಡು ನಿಂಬೆಹಣ್ಣು, ಒಂದು ಮೊಳ ಹೂವು, ಒಂದು ಕುಂಬಳ. ಇವೆರಡನ್ನೂ ಬೇರೆ ಬೇರೆಯಾಗಿ ಎಣಿಸದವನು ಒಂದರಲ್ಲಿ ಸಾಲದೆ ಹೋಗಿ, ಮತ್ತೊಂದರಲ್ಲಿ ಮಿಗಿಸಿಕೊಳ್ಳುತ್ತಾನೆ.

ಕಾರ್ಖಾನೆಗಳ ಬೇಡಿಕೆಯನ್ನು ಊಹಿಸುವ ಕಷ್ಟವೇ ಇಲ್ಲ, ಹೋಗಿ ಕೇಳಬಹುದು. ನವರಾತ್ರಿಯ ಮೊದಲ ದಿನಗಳಲ್ಲಿಯೇ ತನ್ನ ಸುತ್ತಲಿನ ಘಟಕಗಳಿಗೆ ಹೋಗಿ, ಎಷ್ಟು ಯಂತ್ರ, ಎಷ್ಟು ಜನ, ಯಾವ ದಿನ, ಎಷ್ಟು ಹೊತ್ತಿಗೆ ಪೂಜೆ ಎಂದು ವಿಚಾರಿಸಿ ಬರೆದುಕೊಂಡು, ಅರ್ಧ ಹಣವನ್ನು ಮುಂಗಡವಾಗಿ ಪಡೆಯುವುದು ಯುಕ್ತ. ಮುಂಗಡ ಕೇಳುವುದಕ್ಕೆ ನಾಚುವವರುಂಟು. ಇದರಲ್ಲಿ ನಾಚಬೇಕಾದುದೇನೂ ಇಲ್ಲ. ಕೊಂಡವನು ಮನಸ್ಸು ಬದಲಿಸಿದರೆ ಹೂವು ಬಾಡುವುದು ಅಂಗಡಿಕಾರನ ಬುಟ್ಟಿಯಲ್ಲಿಯೇ ಅಲ್ಲವೆ? ಇನ್ನೊಂದು ಸೂಚನೆಯು ಹಳಬರಿಗೆ ಹೊಳೆಯದಿರಬಹುದು. ಪೀಣ್ಯದಲ್ಲಿ ಇಂದು ಬಿಹಾರ, ಒಡಿಶಾ, ಬಂಗಾಳಗಳಿಂದ ಬಂದು ದುಡಿಯುವವರು ಬಹಳ ಮಂದಿ. ಅವರ ಸೀಮೆಯಲ್ಲಿ ಯಂತ್ರಗಳಿಗೆ ಪೂಜೆ ಸಲ್ಲುವುದು ಸೆಪ್ಟೆಂಬರ್ 17ರ ಆಸುಪಾಸಿನ ವಿಶ್ವಕರ್ಮ ಪೂಜೆಯಂದು. ಅಂದು ಯಾವ ಕಾರ್ಖಾನೆಯಿಂದ ಎಷ್ಟು ಜನ ಬಂದರು, ಏನು ಕೇಳಿದರು ಎಂಬುದನ್ನು ಗಮನಿಸಿದ ಅಂಗಡಿಕಾರನಿಗೆ ಆಯುಧಪೂಜೆಯ ಮುನ್ನೋಟವು ಉಚಿತವಾಗಿಯೇ ದೊರೆಯುತ್ತದೆ. ಹಾಗೆಯೇ ರಾಯಚೂರು, ಕಲಬುರಗಿ, ವಿಜಯಪುರಗಳ ಕಡೆಯವರು ವಿಜಯದಶಮಿಯಂದು ಬನ್ನಿ ವಿನಿಮಯ ಮಾಡಿಕೊಳ್ಳುವವರು. ನಗರದಲ್ಲಿ ಬನ್ನಿಯ ಸೊಪ್ಪನ್ನು ಹುಡುಕಿ ಸೋಲುವ ಅವರಿಗೆ ಒಂದು ಬುಟ್ಟಿ ತಂದಿಟ್ಟರೆ ಅದು ವ್ಯಾಪಾರವೂ ಹೌದು, ಉಪಕಾರವೂ ಹೌದು.

ಇನ್ನು ಎಷ್ಟು ತರಬೇಕು? ಹಬ್ಬದ ಅಂಗಡಿಯಲ್ಲಿ ಇದಕ್ಕಿಂತ ಕಠಿಣವಾದ ಪ್ರಶ್ನೆಯಿಲ್ಲ. ಬೇರೆಲ್ಲಕ್ಕಿಂತ ಹೆಚ್ಚು ಜನ ಹಣ ಕಳೆದುಕೊಳ್ಳುವುದು ಇಲ್ಲಿಯೇ.

ಶರಣರ ಕಥೆಗಳಲ್ಲಿ ಆಯ್ದಕ್ಕಿ ಮಾರಯ್ಯನದನ್ನು ನಾವೆಲ್ಲರೂ ಕೇಳಿದ್ದೇವೆ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಯಿಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದನು. ಅವನ ಪತ್ನಿ ಲಕ್ಕಮ್ಮನು ಅದನ್ನು ಕಂಡು ಸಂತೋಷಪಡಲಿಲ್ಲ. ತಮಗೆ ಬೇಕಾದುದಕ್ಕಿಂತ ಮಿಗಿಲಾದುದನ್ನು ತಂದ ಸ್ಥಳಕ್ಕೇ ಹಿಂದಿರುಗಿಸಿ ಬರುವಂತೆ ಗಂಡನಿಗೆ ಹೇಳಿದಳು. ಈ ಕಥೆಯನ್ನು ನಾವು ಸಾಮಾನ್ಯವಾಗಿ ಆಸೆಯ ಖಂಡನೆಯೆಂದು ಮಾತ್ರ ತಿಳಿಯುತ್ತೇವೆ. ಅದರಲ್ಲಿ ಇನ್ನೊಂದು ಅಂಶವಿದೆ. ಅಕ್ಕಿಯು ಹೆಚ್ಚಾಗಿದೆಯೆಂದು ಲಕ್ಕಮ್ಮನಿಗೆ ತಿಳಿದುದು ಹೇಗೆ? ದಿನವೂ ಎಷ್ಟು ಬೇಯುತ್ತದೆ, ಎಷ್ಟು ಜನ ಉಣ್ಣುತ್ತಾರೆ ಎಂಬ ಅಳತೆಯು ಅವಳ ಕೈಯಲ್ಲಿ ಇದ್ದುದರಿಂದ. ಅಳತೆಯನ್ನರಿಯದವನಿಗೆ ಹೆಚ್ಚು ಯಾವುದು, ಕಡಿಮೆ ಯಾವುದು ಎಂದು ತಿಳಿಯುವುದೇ ಇಲ್ಲ. ಅವನು ಆಸೆಯನ್ನು ಬಿಡಲು ಬಯಸಿದರೂ ಎಲ್ಲಿ ಬಿಡಬೇಕೆಂದು ಅರಿಯನು.

ಅಂಗಡಿಯ ಅಳತೆಯನ್ನು ಒಂದು ಲೆಕ್ಕದಿಂದ ನೋಡೋಣ. ಇದು ಕೇವಲ ದೃಷ್ಟಾಂತ. ಬೆಲೆಗಳು ವರ್ಷವರ್ಷಕ್ಕೂ ಬೇರೆಯಾಗುತ್ತವೆ. ಚೆಂಡುಹೂವನ್ನು ಕೆ.ಜಿ.ಗೆ 60 ರೂಪಾಯಿಗೆ ಕೊಂಡು 90ಕ್ಕೆ ಮಾರುವೆವೆಂದು ಇಟ್ಟುಕೊಳ್ಳಿ. ಮಾರಿದ ಒಂದು ಕೆ.ಜಿ.ಯಿಂದ 30 ರೂಪಾಯಿ ಲಾಭ. ಮಾರದೆ ಉಳಿದ ಒಂದು ಕೆ.ಜಿ.ಯಿಂದ 60 ರೂಪಾಯಿ ನಷ್ಟ, ಏಕೆಂದರೆ ಹಬ್ಬ ಕಳೆದ ಹೂವು ಕಸವೇ ಸರಿ. ಮೂರು ಕೆ.ಜಿ. ತಂದು ಎರಡನ್ನು ಮಾರಿದರೆ ಲಾಭ 60, ಉಳಿದ ಒಂದರ ನಷ್ಟವೂ 60. ದಿನವೆಲ್ಲ ನಿಂತು ಕೂಗಿದ ಫಲ ಸೊನ್ನೆ! ಆದುದರಿಂದ ಹೂವಿನಲ್ಲಿ, ಹಿಂದಿನ ಮೂರು ವರ್ಷಗಳಲ್ಲಿ ಎರಡು ವರ್ಷಗಳಾದರೂ ಮಾರಿಹೋದಷ್ಟನ್ನು ಮಾತ್ರ ತರಬೇಕು. ಕೊನೆಗೆ ಬಂದವರು ಬರಿಗೈಯಲ್ಲಿ ಹೋದರೆ ಹೋಗಲಿ.

ಬೂದುಗುಂಬಳದ ಲೆಕ್ಕ ಇದಕ್ಕೆ ವಿಪರೀತ. ಕೆ.ಜಿ.ಗೆ 25ಕ್ಕೆ ಕೊಂಡು 40ಕ್ಕೆ ಮಾರಿದರೆ ಲಾಭ 15. ಉಳಿದರೆ? ತೊಟ್ಟು ಗಟ್ಟಿಯಾಗಿದ್ದು, ಮೈಮೇಲಿನ ಬಿಳಿಯ ಬೂದಿ ಅಳಿಯದೆ, ಎಲ್ಲಿಯೂ ಪೆಟ್ಟು ಬೀಳದ ಬೂದುಗುಂಬಳವು ತಿಂಗಳುಗಟ್ಟಲೆ ಕೆಡುವುದಿಲ್ಲ. ಮಜ್ಜಿಗೆಹುಳಿಗೋ ಕಾಶಿಹಲ್ವಕ್ಕೋ ಹೋಟೆಲಿನವರು 20ಕ್ಕಾದರೂ ಕೊಂಡಾರು, ನಷ್ಟವು ಕೆ.ಜಿ.ಗೆ 5 ರೂಪಾಯಿ ಮಾತ್ರ. ಒಂದನ್ನು ಮಾರಿದ ಲಾಭವು ಉಳಿದ ಮೂರರ ನಷ್ಟವನ್ನು ತುಂಬಿಕೊಡುತ್ತದೆ. ಅಂದ ಮೇಲೆ ಕುಂಬಳವನ್ನು ಧಾರಾಳವಾಗಿ ತರಬಹುದು. ನಾಲ್ಕು ವರ್ಷಗಳಲ್ಲಿ ಒಂದು ವರ್ಷ ಮಾತ್ರ ಬೇಡಿಕೆ ಬಂದಷ್ಟನ್ನು ತಂದರೂ ಮೋಸವಿಲ್ಲ. ನಮ್ಮ ಅಂಗಡಿಕಾರರು ಬಹುಮಂದಿ ಮಾಡುವುದು ಇದಕ್ಕೆ ತಲೆಕೆಳಗು. ಹೂವು ಕಣ್ಣಿಗೆ ಅಂದವೆಂದು ರಾಶಿ ಹಾಕುವರು, ಕುಂಬಳವು ಭಾರವೆಂದು ಕಡಿಮೆ ತರುವರು. ನಿಂಬೆಹಣ್ಣು, ತೆಂಗಿನಕಾಯಿಗಳು ಇವೆರಡರ ನಡುವೆ ನಿಲ್ಲುತ್ತವೆ. ಕರ್ಪೂರ, ಊದುಬತ್ತಿ, ಅರಿಸಿನ, ಕುಂಕುಮಗಳು ಉಳಿದರೆ ದೀಪಾವಳಿಗೂ ಕಾರ್ತಿಕಕ್ಕೂ ಆಗುತ್ತವೆ. ಅವುಗಳ ಚಿಂತೆ ಬೇಡ. ಕರ್ಪೂರದ ಡಬ್ಬಿಯ ಮುಚ್ಚಳವು ಮಾತ್ರ ಬಿಗಿಯಾಗಿರಲಿ. ಇಲ್ಲವಾದರೆ ಅದು ಗಾಳಿಗೆ ಆರಿ ತೂಕ ಕಳೆದುಕೊಳ್ಳುತ್ತದೆ. ಅಂಗಡಿಯ ದೀಪದಿಂದ ಅದು ದೂರವೂ ಇರಲಿ.

ಲಕ್ಕಮ್ಮನ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಸಣ್ಣ ಅಂಗಡಿಗಳಲ್ಲಿ ಮನೆಯಾಕೆಯು ಮಧ್ಯಾಹ್ನದ ಹೊತ್ತು ಗಲ್ಲಾಪೆಟ್ಟಿಗೆಯ ಬಳಿ ಕುಳಿತಿರುವುದುಂಟು. ಯಾರು ಏನು ಕೇಳಿ ಇಲ್ಲವೆನಿಸಿಕೊಂಡು ಹೋದರೆಂಬುದು ಯಜಮಾನನಿಗಿಂತ ಆಕೆಗೇ ಚೆನ್ನಾಗಿ ನೆನಪಿರುತ್ತದೆ. ಪೇಟೆಗೆ ಹೊರಡುವ ಮುಂಚೆ ಆಕೆಯನ್ನು ಕೇಳದೆ ಪಟ್ಟಿ ಬರೆಯುವವನು ಅರ್ಧ ಜ್ಞಾನದಿಂದ ಬರೆಯುತ್ತಾನೆ. ರಾತ್ರಿಯೆಲ್ಲ ಕುಳಿತು ಹೂ ಕಟ್ಟುವವರೂ ಮನೆಯ ಹೆಂಗಸರೇ. ಕಟ್ಟಿದ ಹಾರಕ್ಕೂ ಬಿಡಿಹೂವಿಗೂ ಇರುವ ಬೆಲೆಯ ಅಂತರವು ಆ ಕೈಗಳ ಸಂಪಾದನೆ. ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಸಾಲು ಇರಬೇಕಾದುದು ನ್ಯಾಯ. ಸ್ತ್ರೀಪುರುಷರಿಗೆ ಕಾಯಕದಲ್ಲಿ ಸಮಾನತೆಯನ್ನು ಕೊಟ್ಟ ಪರಂಪರೆಯವರೆಂದು ವೇದಿಕೆಯ ಮೇಲೆ ಹೇಳಿಕೊಳ್ಳುವ ನಾವು ಆ ಸಾಲನ್ನು ಎಷ್ಟು ಮನೆಗಳಲ್ಲಿ ಬರೆದಿದ್ದೇವೆ?

ಸರಕನ್ನು ತಂದ ಮೇಲೆ ಅದನ್ನು ಕಾಪಾಡುವುದು. ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಹಬ್ಬದ ಹಿಂದಿನ ರಾತ್ರಿ ಹೂವಿನ ದರವು ಏರುವುದು ಎಲ್ಲರೂ ಬಲ್ಲ ಸಂಗತಿ. ಚೆಂಡುಹೂವೂ ಸೇವಂತಿಗೆಯೂ ಗಟ್ಟಿಜೀವಿಗಳು. ಎರಡು ದಿನ ಮೊದಲೇ ತಂದರೂ ತಂಪಿನಲ್ಲಿ ನಿಲ್ಲುತ್ತವೆ. ಮಲ್ಲಿಗೆ ಕನಕಾಂಬರಗಳನ್ನು ಮಾತ್ರ ಅಂದಂದೇ ತರಬೇಕು. ಹೂವನ್ನು ಮೂಟೆಯಲ್ಲಿಯೇ ಬಿಟ್ಟರೆ ಒಳಗೆ ಕಾವೇರಿ ಕೊಳೆಯುತ್ತದೆ. ಒದ್ದೆಯ ಗೋಣಿತಾಟಿನ ಮೇಲೆ ತೆಳುವಾಗಿ ಹರಡಬೇಕು. ನೀರು ಚಿಮುಕಿಸುವುದರಲ್ಲಿಯೂ ಒಂದು ಧರ್ಮಸೂಕ್ಷ್ಮವಿದೆ. ಬಾಡದಿರಲೆಂದು ಚಿಮುಕಿಸುವುದು ಬೇರೆ, ತೂಕ ಏರಲೆಂದು ತೋಯಿಸುವುದು ಬೇರೆ. ತೊಟ್ಟಿಕ್ಕುವ ಹೂವನ್ನು ತಕ್ಕಡಿಗೆ ಹಾಕುವವನು ನೀರನ್ನು ಹೂವಿನ ಬೆಲೆಗೆ ಮಾರುತ್ತಾನೆ. ಅಲ್ಲದೆ, ಹಾಗೆ ತೋಯ್ದ ಹೂವು ಕೊಂಡವನ ಮನೆ ಮುಟ್ಟುವ ಮುಂಚೆಯೇ ಕಪ್ಪಾಗುವುದರಿಂದ ಅವನು ಮುಂದಿನ ವರ್ಷ ಬೇರೆ ಅಂಗಡಿಗೆ ಹೋಗುವನು.

ಕಡಲೆಪುರಿಗೆ ಶತ್ರು ಗಾಳಿಯ ತೇವ. ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಮಳೆ ಹೆಚ್ಚು; ನವರಾತ್ರಿಯ ಸಂಜೆಗಳು ತೋಯದೆ ಕಳೆಯುವುದೇ ಅಪರೂಪ. ಚೀಲದ ಬಾಯಿ ಬಿಚ್ಚಿಟ್ಟ ಪುರಿಯು ಒಂದು ರಾತ್ರಿಯಲ್ಲಿ ಮೆತ್ತಗಾಗುತ್ತದೆ. ಒಂದೊಂದೇ ಚೀಲ ಬಿಚ್ಚಿ, ಅದು ಮುಗಿದ ಬಳಿಕವೇ ಇನ್ನೊಂದಕ್ಕೆ ಕೈಹಾಕಬೇಕು. ಅಂಗಡಿಯ ಮುಂದೆ ಟಾರ್ಪಾಲನ್ನು ಇಳಿಜಾರಾಗಿ ಕಟ್ಟಿರಬೇಕು. ಕುಂಬಳಗಳನ್ನು ಹುಲ್ಲಿನ ಮೇಲೆ ಒಂದೇ ಪದರವಾಗಿ ಇಡುವುದು ಲೇಸು. ಅವುಗಳನ್ನು ಕಾಲುದಾರಿಯ ಉದ್ದಕ್ಕೂ ಗುಡ್ಡೆ ಹಾಕಿ, ನಡೆಯುವವರನ್ನು ಲಾರಿಗಳ ಚಕ್ರದ ಬಳಿಗೆ ತಳ್ಳುವುದು ಸಲ್ಲದು. ದಾರಿಯು ಅಂಗಡಿಯವನದಲ್ಲ.

ತಕ್ಕಡಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ವಿದ್ಯುನ್ಮಾನ ತೂಕದ ಯಂತ್ರವನ್ನು ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸುವುದು ಕಡ್ಡಾಯ. ಮುದ್ರೆಯ ಅವಧಿ ಮುಗಿದಿದೆಯೋ ಎಂದು ಹಬ್ಬಕ್ಕೆ ಒಂದು ತಿಂಗಳು ಮುಂಚೆಯೇ ನೋಡಿಕೊಳ್ಳತಕ್ಕದ್ದು. ಯಂತ್ರವನ್ನು ಸಮನಾದ ಹಲಗೆಯ ಮೇಲಿಟ್ಟು, ಅದರ ಅಂಕಿಗಳು ಕೊಳ್ಳುವವರ ಕಡೆಗೂ ಕಾಣುವಂತೆ ಇರಿಸಿ, ಬೆಳಗ್ಗೆ ಒಂದು ಕೆ.ಜಿ.ಯ ಮುದ್ರೆಯ ಬಟ್ಟನ್ನಿಟ್ಟು ಪರೀಕ್ಷಿಸಿದರೆ ಸಾಕು. ಕಾರ್ಖಾನೆಯವರು ಲೇತಿಗೆ ಪೂಜೆ ಮಾಡುವಂತೆ ಅಂಗಡಿಕಾರನು ಅಂದು ತಕ್ಕಡಿಗೆ ಪೂಜೆ ಮಾಡುತ್ತಾನೆ. ವಿಭೂತಿಯಿಟ್ಟು ಕೈಮುಗಿದ ಆ ತಟ್ಟೆಯಲ್ಲಿಯೇ ಮರುಕ್ಷಣ ಐವತ್ತು ಗ್ರಾಂ ಕಡಿಮೆ ತೂಗುವವನ ಪೂಜೆಯನ್ನು ಏನೆಂದು ಕರೆಯಬೇಕೋ ಓದುಗರೇ ಹೇಳಲಿ.

ದರದ ಪ್ರಶ್ನೆಯು ಇಷ್ಟು ಸರಳವಲ್ಲ. ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಚಿಲ್ಲರೆ ಬೆಲೆಯನ್ನು ಮೀರುವಂತಿಲ್ಲ, ಅದು ಕಾನೂನು. ಹೂವು, ಹಣ್ಣು, ಕುಂಬಳ, ಬಾಳೆಕಂಬಗಳಿಗೆ ಅಂಥ ಮಿತಿಯಿಲ್ಲ. ಹಬ್ಬದ ದಿನ ಹೆಚ್ಚಿಗೆ ಹೇಳುವುದು ಅಧರ್ಮವೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವವರು ಅಂಗಡಿಯಲ್ಲಿ ಕುಳಿತವರಲ್ಲ. ಅವನು ಕೊಂಡ ದರವೇ ಇಮ್ಮಡಿಯಾಗಿದ್ದರೆ ಮಾರುವ ದರ ಏರದೆ ಹೇಗಿದ್ದೀತು? ಸಾಗಣೆಯ ಬಾಡಿಗೆ, ರಾತ್ರಿಯ ಜಾಗರಣೆ, ಬಾಡುವ ಹೂವಿನ ಭಾಗ ಇವೆಲ್ಲವೂ ಸೇರಬೇಕಾದುವೇ. ನನ್ನ ಅಭಿಪ್ರಾಯದಲ್ಲಿ ನ್ಯಾಯದ ಗೆರೆಯು ಬೇರೆಡೆ ಇದೆ. ಕೊಂಡ ಬೆಲೆಯನ್ನು ನೋಡಿ ದರವನ್ನು ಕಟ್ಟುವುದು ವ್ಯಾಪಾರ. ಎದುರಿಗೆ ನಿಂತವನ ಮುಖವನ್ನು ನೋಡಿ ದರವನ್ನು ಕಟ್ಟುವುದು ಸುಲಿಗೆ. ಕಾರಿನಿಂದ ಇಳಿದವನಿಗೆ ಒಂದು, ಸೈಕಲ್ಲಿನವನಿಗೆ ಒಂದು, ಪೂಜೆಯ ಹೊತ್ತು ಮೀರಿತೆಂದು ಓಡಿಬಂದವನಿಗೆ ಮತ್ತೊಂದು ಎಂಬ ಬಗೆಯು ಶರಣಮಾರ್ಗದ ಅಂಗಡಿಯಲ್ಲಿ ಇರಕೂಡದು. ಬೆಳಗ್ಗೆ ಹಲಗೆಯ ಮೇಲೆ ಸೀಮೆಸುಣ್ಣದಿಂದ ದರವನ್ನು ಬರೆದು ತೂಗುಹಾಕಿದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ, ಚೌಕಾಶಿಯ ಸಮಯವೂ ಉಳಿಯುತ್ತದೆ. ಆ ದರವು ಅಂದು ಏರಬಾರದು. ಸಂಜೆಯಾದಂತೆ ಇಳಿಸುವುದಾದರೆ ಇಳಿಸಬಹುದು; ನಾಳೆ ಕಸವಾಗುವ ಹೂವನ್ನು ಅರ್ಧ ಬೆಲೆಗೆ ಕೊಟ್ಟರೆ ತಡವಾಗಿ ಬಂದ ಬಡವನ ಆಟೋಗೂ ಒಂದು ಹಾರ ದೊರೆಯುತ್ತದೆ.

ಈಗ ನಿಮಿಷಗಳ ಲೆಕ್ಕದಲ್ಲಿ ಮನೆಬಾಗಿಲಿಗೆ ಪೂಜಾಸಾಮಗ್ರಿ ತಲುಪಿಸುವ ಕಂಪನಿಗಳು ಬಂದಿವೆ. ವೈಟ್‌ಫೀಲ್ಡಿನ ಎತ್ತರದ ವಸತಿಗಳಲ್ಲಿ ಬೂದುಗುಂಬಳವೂ ಫೋನಿನ ಮೂಲಕವೇ ಬರುತ್ತದೆ. ಇದರಿಂದ ಸಣ್ಣ ಅಂಗಡಿಗಳಿಗೆ ಪೆಟ್ಟು ಬಿದ್ದಿರುವುದು ಸುಳ್ಳಲ್ಲ. ದರದಲ್ಲಿಯೂ ವೇಗದಲ್ಲಿಯೂ ಅವುಗಳೊಡನೆ ಸ್ಪರ್ಧಿಸುವುದು ಕಷ್ಟ. ಆದರೆ ಹನ್ನೆರಡು ಯಂತ್ರಗಳಿರುವ ಒಂದು ಶೆಡ್ಡಿಗೆ ಎಷ್ಟು ಮಾರು ಹೂವು ಬೇಕೆಂದು ಅಳೆದು, ಹಾರಗಳನ್ನು ಆ ಅಳತೆಗೇ ಕಟ್ಟಿಸಿ, ಕುಂಬಳಕ್ಕೆ ತೂತು ಕೊರೆದು ಕುಂಕುಮ ತುಂಬಿಕೊಟ್ಟು, ಮರೆತುಹೋದ ವೀಳ್ಯದೆಲೆಯನ್ನು ನೆನಪಿಸಿ ಕಳುಹಿಸುವ ಕೆಲಸವನ್ನು ಗೋದಾಮು ಮಾಡಲಾರದು. ಓಣಿಯ ಅಂಗಡಿಯ ಬಲವಿರುವುದು ಅಲ್ಲಿಯೇ. ಅಣಿಯಾಗುವಾಗ ಅದಕ್ಕೇ ಹೆಚ್ಚಿನ ಗಮನ ಸಲ್ಲಬೇಕು.

ಹಣ ಮತ್ತು ಲೆಕ್ಕ. ಅಂದು ಜನರಲ್ಲಿ ಹೆಚ್ಚಿನವರು ಫೋನಿನಿಂದಲೇ ಹಣ ಕಳುಹಿಸುವರು. ಜಾಲವು ಕೈಕೊಡುವುದೂ ಅಂದೇ. ಹತ್ತು, ಇಪ್ಪತ್ತರ ನೋಟುಗಳನ್ನೂ ನಾಣ್ಯಗಳನ್ನೂ ವಾರ ಮುಂಚೆಯೇ ಕೂಡಿಸಿಡಬೇಕು. ಕುಂಬಳದೊಳಗೆ ಹಾಕಲು ನಾಣ್ಯ ಕೇಳುವವರೂ ಇರುತ್ತಾರೆ. 2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಸಣ್ಣ ಅಂಗಡಿಕಾರರಿಗೆ ಆದ ಗಾಬರಿಯನ್ನು ಓದುಗರು ಮರೆತಿರಲಾರರು. ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯು ನೋಟೀಸುಗಳನ್ನು ಕಳುಹಿಸಿತು. ಅನೇಕರು ಅಂಗಡಿಯ ಮುಂದಿನ ಕ್ಯೂಆರ್ ಚೀಟಿಯನ್ನೇ ಕಿತ್ತುಹಾಕಿದರು. ಜುಲೈ 25ಕ್ಕೆ ಬಂದ್ ಎಂದು ಸಾರಿ, 23ರಂದು ಮುಖ್ಯಮಂತ್ರಿಗಳೊಡನೆ ಮಾತುಕತೆಯಾದ ಮೇಲೆ ಹಿಂದಕ್ಕೆ ಪಡೆದರು. ಈ ಗೊಂದಲದಲ್ಲಿ ನಿಯಮವನ್ನು ಅರಿತವರು ಕಡಿಮೆ. ಸರಕು ಮಾರುವವನ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಬೇಕು. ಅಂದರೆ ದಿನಕ್ಕೆ ಸರಾಸರಿ ಸುಮಾರು 11,000 ರೂಪಾಯಿ. ಬಿಡಿಯ ತರಕಾರಿ, ಹಾಲುಗಳಂಥ ತೆರಿಗೆಯಿಲ್ಲದ ಸರಕುಗಳನ್ನಷ್ಟೇ ಮಾರುವವನಿಗೆ ನೋಂದಣಿಯ ಹಂಗಿಲ್ಲ. ಆದರೆ ಅವುಗಳ ಜತೆಗೆ ತೆರಿಗೆಯುಳ್ಳ ಸರಕನ್ನೂ ಮಾರಿದರೆ 40 ಲಕ್ಷದ ಎಣಿಕೆಯಲ್ಲಿ ಎರಡೂ ಸೇರುತ್ತವೆ. ಅದುಕಾರಣ ಯಾವುದರಿಂದ ಎಷ್ಟು ಬಂದಿತೆಂದು ಬೇರೆ ಬೇರೆಯಾಗಿ ಕಿರ್ದಿಯಲ್ಲಿ ಬರೆಯದವನಿಗೆ ತನ್ನ ಪ್ರಾಮಾಣಿಕತೆಯನ್ನು ತೋರಿಸುವ ದಾರಿಯೇ ಇರುವುದಿಲ್ಲ. ಭಂಡಾರದ ಹಣವನ್ನು ದುರ್ವ್ಯಯ ಮಾಡಿದರೆಂಬ ಆರೋಪ ಬಂದಾಗ ಬಸವಣ್ಣನವರು ಲೆಕ್ಕವನ್ನು ಒಪ್ಪಿಸಿ ನಿರ್ದೋಷಿಗಳೆನಿಸಿದರೆಂದು ಪುರಾಣಗಳು ಹೇಳುತ್ತವೆ. ಹಬ್ಬದ ಗದ್ದಲದಲ್ಲಿ ಪುಸ್ತಕ ಬರೆಯಲಾಗದಿದ್ದರೆ, ಗಂಟೆಗೊಮ್ಮೆ ಒಂದು ಚೀಟಿಯಲ್ಲಿ ನಾಲ್ಕು ಅಂಕಿಗಳನ್ನು ಗೀಚಿಡುವುದಕ್ಕೆ ತೊಂದರೆಯೇನು?

ಉದ್ರಿಯ ಮಾತು ಸ್ವಲ್ಪ ನಾಜೂಕಾದುದು. ಲೆಕ್ಕವರ್ಷ ಮುಗಿದ 8 ತಿಂಗಳೊಳಗೆ ಕಾರ್ಮಿಕರಿಗೆ ಬೋನಸ್ಸು ಕೊಡಬೇಕೆಂಬುದು ಕಾನೂನು. ಅದು ಕನಿಷ್ಠ ಪಕ್ಷ ಶೇಕಡಾ 8.33. ಆದುದರಿಂದ ಅನೇಕರಿಗೆ ದಸರೆ ದೀಪಾವಳಿಗಳ ನಡುವೆ ಆ ಹಣ ಕೈಸೇರುತ್ತದೆ. ಹಳೆಯ ಬಾಕಿಯನ್ನು ಕೇಳುವುದಕ್ಕೆ ಅದು ತಕ್ಕ ಕಾಲವೇ. ಹಾಗೆಂದು ಹಬ್ಬದ ಬೆಳಗ್ಗೆ, ಮಕ್ಕಳ ಕೈಹಿಡಿದು ಹೂ ಕೊಳ್ಳಲು ಬಂದವನನ್ನು ಹತ್ತು ಜನರ ಮುಂದೆ ಬಾಕಿಗಾಗಿ ತಡೆಯುವುದು ಹೇಸಿಕೆಯ ಕೆಲಸ. ಒಂದು ವಾರ ಮೊದಲೇ, ಒಬ್ಬನೇ ಇದ್ದಾಗ, ಮೆಲ್ಲನೆ ಹೇಳಿದರೆ ಕೊಡುವವನು ಕೊಡುತ್ತಾನೆ. ಕೊಡಲಾರದವನಿಗೆ ಅಂದು ಎರಡು ನಿಂಬೆಹಣ್ಣು, ಒಂದು ಮೊಳ ಹೂವು ಇಲ್ಲವೆನ್ನಬೇಡಿ.

ಸಹಾಯಕ್ಕೆ ಕರೆದ ಹುಡುಗರ ಬಗೆಗೂ ಎಚ್ಚರವಿರಬೇಕು. 2016ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ 14 ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಸ್ವಂತ ಮಕ್ಕಳು ಶಾಲೆ ಬಿಟ್ಟ ಮೇಲೆಯೋ ರಜೆಯಲ್ಲಿಯೋ ಮನೆಯ ಅಂಗಡಿಯಲ್ಲಿ ಕೈಗೂಡಿಸಬಹುದು. ಬಂದ ಆಳುಗಳಿಗೆ ಹೊತ್ತಿಗೆ ಸರಿಯಾಗಿ ಊಟ, ಅಂದಿನ ಕೂಲಿ ಅಂದೇ. ಮನೆಯವರೂ ಆಳುಗಳೂ ಒಂದೇ ಬುತ್ತಿಯಿಂದ ಉಂಡರೆ ಅಂದಿನ ದಾಸೋಹವು ಅಂಗಡಿಯ ಹಿಂಬದಿಯಲ್ಲಿಯೇ ನಡೆದಂತಾಯಿತು.

ಕೊಂಡುಹೋದ ಕುಂಬಳವು ಎಲ್ಲಿ ಒಡೆಯುತ್ತದೆ ಎಂಬುದು ತನಗೆ ಸಂಬಂಧಿಸಿದ್ದಲ್ಲವೆಂದು ಅಂಗಡಿಕಾರನು ಹೇಳಬಹುದು. ಆದರೆ ಪ್ರತಿವರ್ಷವೂ ನಡುರಸ್ತೆಯಲ್ಲಿ ಬಿದ್ದ ಹೋಳುಗಳ ಮೇಲೆ ದ್ವಿಚಕ್ರ ವಾಹನಗಳು ಜಾರಿ ಸವಾರರು ಬೀಳುತ್ತಾರೆ. ರಸ್ತೆಯಲ್ಲಿ ಒಡೆಯಬೇಡಿರೆಂದು ಪೊಲೀಸರು ವಿನಂತಿಸುತ್ತಲೇ ಇದ್ದಾರೆ. ಕೊಡುವಾಗ, “ಅಣ್ಣ, ಒಡೆದ ಮೇಲೆ ಹೋಳುಗಳನ್ನು ಮಗ್ಗುಲಿಗೆ ಎತ್ತಿಡಿ” ಎಂಬ ಒಂದು ಮಾತು ಹೇಳಲು ಖರ್ಚೇನೂ ಇಲ್ಲ. ತನ್ನ ಅಂಗಡಿಯ ಮುಂದೆ ಒಂದು ಖಾಲಿ ಮಂಕರಿಯನ್ನು ಇಟ್ಟರೆ ಅಕ್ಕಪಕ್ಕದವರು ಅದರೊಳಗೆ ಹಾಕಿಯಾರು. ಆ ಹೋಳುಗಳಲ್ಲಿರುವ ನಾಣ್ಯಗಳನ್ನು ಆಯಲು ಬರುವ ಮಕ್ಕಳೂ ವಾಹನಗಳ ನಡುವೆ ಓಡುವುದು ತಪ್ಪೀತು. ತೆಳುವಾದ ಪ್ಲಾಸ್ಟಿಕ್ ಚೀಲವನ್ನು ಕರ್ನಾಟಕವು 2016ರಲ್ಲಿಯೇ ನಿಷೇಧಿಸಿದೆ. ಬಾಳೆಲೆ, ಬಟ್ಟೆಯ ಚೀಲಗಳು ಹೂವಿಗೂ ಪುರಿಗೂ ಸಾಕು.

ವಿಜಯದಶಮಿಯ ಬೆಳಗ್ಗೆ ಮೊದಲು ಮಾಡತಕ್ಕದ್ದು ಗುಡಿಸುವ ಕೆಲಸ. ನಗರದ ಕಸದ ಗಾಡಿಗಳು ಅಂದು ತುಂಬಿ ತುಳುಕುತ್ತವೆ. ಮಾರದೆ ಉಳಿದ ಬಾಳೆಕಂಬಗಳನ್ನು ರಸ್ತೆಯ ಬದಿಯಲ್ಲಿ ಬಿಟ್ಟುಹೋಗುವ ಅಂಗಡಿಕಾರರ ದೆಸೆಯಿಂದಲೇ ಪೌರಕಾರ್ಮಿಕರಿಗೆ ವಾರಗಟ್ಟಲೆ ದುಡಿಮೆ. ಅವನ್ನು ಕೊಚ್ಚಿ ಹತ್ತಿರದ ದನದ ಕೊಟ್ಟಿಗೆಗೆ ಕಳುಹಿಸಬಹುದು. ಬಾಡಿದ ಹೂವು ಗಿಡದ ಬುಡಕ್ಕೆ ಗೊಬ್ಬರ. ಬಳಿಕ ಮನೆಯಾಕೆಯೊಡನೆ ಕುಳಿತು ಪುಸ್ತಕದ ಒಂದು ಪುಟವನ್ನು ತುಂಬಬೇಕು: ಹೂವು ಎಷ್ಟು ಗಂಟೆಗೆ ಮುಗಿಯಿತು, ನಿಂಬೆಹಣ್ಣು ಎಷ್ಟು ಉಳಿಯಿತು, ಯಾವ ಕಾರ್ಖಾನೆಯವರು ಮುಂಗಡ ಕೊಟ್ಟೂ ಬರಲಿಲ್ಲ, ಮಳೆ ಎಷ್ಟು ಹೊತ್ತಿಗೆ ಬಂದಿತು, ಇಲ್ಲವೆಂದು ಹೇಳಿ ಕಳುಹಿಸಿದುದು ಏನನ್ನು, ಎಷ್ಟು ಮಂದಿಗೆ. ಮೇಲೆ ಹೇಳಿದ ಮೂರು ವರ್ಷಗಳ ಲೆಕ್ಕಕ್ಕೆ ಇದು ಮೊದಲನೆಯ ವರ್ಷದ ಪುಟ.